ಸಕ್ಕರೆಯ ಮೇಲೆ ಬಿದರಿ ಕಪ್ಪು

ಕಲಬುರಗಿಯಲ್ಲಿ ಮನೆಯಲ್ಲೇ ಕೇಕ್ ಮಾಡಿಕೊಡುವವರಿಗೆ ಗುಲಾಬಿ, ತಿಳಿನೀಲಿ ಫಾಂಡಂಟ್ (ಕೇಕಿಗೆ ಹೊದಿಸುವ ಸಕ್ಕರೆಯ ಹಿಟ್ಟು) ಎಡಗೈ ಕೆಲಸ. "ಅಕ್ಕಾ, ಬಿದರಿ ಹೂಜಿ ಇರ್ತದಲ್ರೀ, ಹಂಗ ಕರ್ರಗ ಇರಬೇಕ್ರಿ, ಮ್ಯಾಲ ಬೆಳ್ಳಿ ಬಳ್ಳಿ" ಎಂದು ಯಾರಾದರೂ ಕೇಳಿದಾಗಲೇ ಫಜೀತಿ. ಬೀದರಿನ ಕಸಬುದಾರರಿಗೆ ಅವರ ಕೋಟೆಯ ಮಣ್ಣಿದೆ. ಅದಕ್ಕೆ ನವಸಾಗರವೆಂಬ ಲವಣ ಬೆರೆಸಿ ಹಚ್ಚಿದರೆ ಸತು-ತಾಮ್ರದ ಲೋಹ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಸಕ್ಕರೆಗೆ ಅಂಥ ಮಣ್ಣು ಎಲ್ಲಿಂದ ತರುವುದು?

ಬಣ್ಣದ ಡಬ್ಬಿಯ ಮೇಲೆ ಕಪ್ಪು ಎಂದು ಬರೆದಿರುತ್ತದೆ, ನಿಜ. ಆದರೆ ನಮ್ಮಲ್ಲಿ ಆಹಾರಕ್ಕೆ ಒಪ್ಪಿಗೆಯಿರುವ 8 ಕೃತಕ ಬಣ್ಣಗಳಲ್ಲಿ ಕೆಂಪು 3, ಹಳದಿ 2, ನೀಲಿ 2, ಹಸಿರು 1, ಕಪ್ಪು ಇಲ್ಲ. ಸಾಮಾನ್ಯವಾಗಿ ಇವನ್ನೇ ಬೆರೆಸಿ ಕಪ್ಪು ಮಾಡಿರುತ್ತಾರೆ. ಬಿಳಿ ಫಾಂಡಂಟಿಗೆ ಹಾಕಿ ನಾದಿದರೆ ಮೊದಲು ಬೂದಿ ಬಣ್ಣ, ಆಮೇಲೆ ಹಸಿರೋ ನೇರಳೆಯೋ ಇಣುಕುವುದು ಅದಕ್ಕೇ. ಹಸಿರು ಕಂಡರೆ ಹಲ್ಲುಕಡ್ಡಿಯ ತುದಿಯಷ್ಟು ಕೆಂಪು, ನೇರಳೆ ಕಂಡರೆ ಅಷ್ಟೇ ಹಳದಿ ಸೇರಿಸಬೇಕು.

ಗಡಿಬಿಡಿಯವರು ಇಲ್ಲಿ ಅರ್ಧ ಡಬ್ಬಿ ಸುರಿಯುತ್ತಾರೆ. ಜೆಲ್ ಬಣ್ಣದ ತೇವಕ್ಕೆ ಫಾಂಡಂಟಿನ ಬಿಗಿ ಹೋಗುತ್ತದೆ, ಕೈಗೆ ಅಂಟುತ್ತದೆ, ಕೇಕಿನ ಅಂಚಿನಲ್ಲಿ ಹರಿಯುತ್ತದೆ. ರುಚಿಯೂ ಕಹಿ. ನೀರಿನಂಥ ಬಣ್ಣವಾದರಂತೂ ಮುಗಿದೇಹೋಯಿತು. ಮೊದಲು ಕಂದು ಮಾಡಿಕೊಳ್ಳುವುದೇ ಜಾಣತನ: 250 ಗ್ರಾಂ ಫಾಂಡಂಟಿಗೆ ಒಂದು ದೊಡ್ಡ ಚಮಚ ಕೋಕೋ ಪುಡಿ. ಕೋಕೋ ತೇವ ಹೀರುವುದರಿಂದ ಜೊತೆಗೆ ಅರ್ಧ ಟೀ ಚಮಚ ಡಾಲ್ಡಾ. ಆಮೇಲೆ ಸುಮಾರು ಒಂದು ಟೀ ಚಮಚ ಕಪ್ಪು ಜೆಲ್ಲನ್ನು ಎರಡು ಮೂರು ಸಲಕ್ಕೆ ಹಂಚಿ ನಾದಬೇಕು. ಕೈಗವಸು ಮರೆತರೆ ಎರಡು ದಿನ ಉಗುರು ಮುಚ್ಚಿಟ್ಟುಕೊಂಡೇ ಓಡಾಡಬೇಕಾಗುತ್ತದೆ. ಕಡು ಬೂದಿ ಬಂದಾಗಲೇ ನಿಲ್ಲಿಸಿ, ಕ್ಲಿಂಗ್ ಫಿಲ್ಮಿನಲ್ಲಿ ಬಿಗಿಯಾಗಿ ಸುತ್ತಿ ರಾತ್ರಿಯಿಡೀ ಬಿಡಿ. ಉಳಿದ ಕಪ್ಪು ಬೆಳಗಾಗುವಷ್ಟರಲ್ಲಿ ತಾನೇ ಏರಿರುತ್ತದೆ. ಆಗಲೂ ಮೆತ್ತಗಿದ್ದರೆ ಕಾಲು ಟೀ ಚಮಚ ಸಿಎಂಸಿ ಪುಡಿ (ತಿನ್ನಬಹುದಾದ ಅಂಟಿನ ಪುಡಿ) ನಾದಿದರೆ ಬಿಗಿ ಮರಳುತ್ತದೆ. ಕಡುಗೆಂಪಿಗೂ ಇದೇ ದಾರಿ, ಕೋಕೋ ಬದಲು ಗುಲಾಬಿಯಿಂದ ಶುರು ಅಷ್ಟೇ.

ಲಟ್ಟಿಸುವಾಗ ಕಾರ್ನ್‌ಫ್ಲೋರ್ ಉದುರಿಸಬಾರದು. ಕಪ್ಪಿನ ಮೇಲೆ ವಿಭೂತಿ ಬಳಿದ ಹಾಗೆ ಕಾಣುತ್ತದೆ. ಮಣೆಗೆ ಡಾಲ್ಡಾ ತೆಳ್ಳಗೆ ಸವರಿ 3 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿದರೆ ಸಾಕು. ಫ್ಯಾನ್ ಆರಿಸಲೇಬೇಕು. ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಈ ಊರಿನಲ್ಲಿ ಅದು ಶಿಕ್ಷೆಯೇ, ಆದರೆ ಒಣಗಾಳಿ ತಾಕಿದ ಫಾಂಡಂಟ್ ನೋಡನೋಡುತ್ತಿದ್ದಂತೆ ಸುಕ್ಕಾಗಿ ಬಿರಿಯುತ್ತದೆ. ಹಾಗೆಂದು ಫ್ರಿಜ್ಜಿನಿಂದ ತೆಗೆದ ಕೇಕನ್ನು ಹಾಗೇ ತೆರೆದಿಟ್ಟರೆ ಮೈತುಂಬ ನೀರಹನಿ ಕೂತು ಕಪ್ಪು ಇಳಿಯುತ್ತದೆ. ರಟ್ಟಿನ ಡಬ್ಬಿ ಮುಚ್ಚಿದಂತೆಯೇ ಹೊರಗಿಟ್ಟು, ತಣುಪು ಹೋದ ಮೇಲೆ ತೆರೆಯಬೇಕು.

ಬಳ್ಳಿಗೆ ಹೊಳಪಿನ ಪುಡಿಗಿಂತ ಮಿಠಾಯಿಯವರ ಬೆಳ್ಳಿ ವರಖವೇ ಚೆಂದ. ಕುಂಚವನ್ನು ಒದ್ದೆ ಮಾಡಿ, ಹಿಂಡಿ, ಬಳ್ಳಿ ಬರೆದು ವರಖ ಒತ್ತಿ. ಒಣ ಕುಂಚದಿಂದ ಸವರಿದರೆ ತೇವವಿದ್ದಲ್ಲಿ ಮಾತ್ರ ಬೆಳ್ಳಿ ನಿಲ್ಲುತ್ತದೆ. ಕೇಕ್ ಕೊಡುವಾಗ ಒಂದು ಮಾತು ಹೇಳಿಬಿಡಿ: ಗುಂಪು ಫೋಟೋ ಕೇಕ್ ತಿನ್ನುವ ಮೊದಲೇ ಆಗಲಿ, ಆಮೇಲಾದರೆ ನಕ್ಕವರ ಹಲ್ಲೆಲ್ಲ ಕಪ್ಪು.