ಫ್ಯಾಷನ್ ಓದ್ಬೇಕು ಅನ್ನೋ ಮಕ್ಕಳಿಗೆ, ಅವರ ಅಪ್ಪ ಅಮ್ಮಂದಿರಿಗೆ

ಪಿಯುಸಿ ರಿಸಲ್ಟ್ ಬಂದ ಮೇಲೆ ದಾವಣಗೆರೆಯ ನಮ್ಮ ಹೊಲಿಗೆ ಅಂಗಡಿಗೆ ಬರುವ ತಾಯಂದಿರದು ಒಂದೇ ಪ್ರಶ್ನೆ. "ಮೇಡಂ, ನಮ್ಮ ಹುಡುಗಿ ಫ್ಯಾಷನ್ ಡಿಸೈನ್ ಓದ್ತೀನಿ ಅಂತ ಹಠ ಹಿಡಿದಿದ್ದಾಳೆ. ಸ್ಕೋಪ್ ಇದೆಯಾ ಅದಕ್ಕೆ?" ಅದರ ಹಿಂದೆಯೇ ಇನ್ನೊಂದು ಮಾತು ಬರುತ್ತದೆ. "ಅಷ್ಟು ದುಡ್ಡು ಸುರಿದು ಕೊನೆಗೆ ಟೈಲರ್ ಆಗೋದಾದ್ರೆ ಏನು ಬಂತು ಅಂತ ಇವರಪ್ಪ ಬೈತಾರೆ." ಗಿರಾಕಿಗಳ ನಡುವೆ ನಿಂತು ಎರಡು ಮಾತಲ್ಲಿ ಇದಕ್ಕೆ ಉತ್ತರ ಹೇಳೋಕೆ ಆಗಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಉದ್ದ ಇದೆ, ಪುರುಸೊತ್ತು ಮಾಡ್ಕೊಂಡು ಓದಿ.

ಸ್ಕೋಪ್ ಖಂಡಿತ ಇದೆ. ಆದರೆ ಟೈಲರ್ ಅನ್ನೋ ಕೆಲಸವನ್ನು ಕೀಳಾಗಿ ನೋಡುವವರಿಗೆ ಈ ಫೀಲ್ಡ್ ಬೇಡ. ಕತ್ತರಿ ಹಿಡಿಯೋಕೆ, ಹೊಲಿಯೋಕೆ ಬಾರದೆ ಬರೀ ಚಿತ್ರ ಬಿಡಿಸಿ ಡಿಸೈನರ್ ಆಗ್ತೀನಿ ಅನ್ನೋರಿಗೆ ನನ್ನ ಸಲಹೆ ಒಂದೇ. ಫೀಸ್ ಕಟ್ಟೋ ಮೊದಲು, ಈ ರಜೆಯಲ್ಲೇ, ನಿಮ್ಮ ಏರಿಯಾದ ಒಳ್ಳೆ ಟೈಲರ್ ಹತ್ತಿರ ಕೂತು ಒಂದು ಲೈನಿಂಗ್ ಬ್ಲೌಸ್ ಪೂರ್ತಿ ಹೊಲಿಯಿರಿ. ಅಳತೆ ತಗೊಳ್ಳೋದರಿಂದ ಹಿಡಿದು ಹುಕ್ಕು ಹಾಕೋವರೆಗೆ, ಎಲ್ಲಾ ನೀವೇ. ಅದು ಮುಗಿದ ಮೇಲೂ ಇನ್ನೊಂದು ಹೊಲಿಯೋಣ ಅನ್ನಿಸಿದರೆ ಧಾರಾಳವಾಗಿ ಓದಿ. ಸಾಕಪ್ಪ ಸಾಕು ಅನ್ನಿಸಿದರೆ ಲಕ್ಷಗಟ್ಟಲೆ ದುಡ್ಡು, ನಾಲ್ಕು ವರ್ಷ ಎರಡೂ ಉಳಿದವು.

ಬ್ಲೌಸ್ ತಾನೇ ಅಂತ ಹಗುರಾಗಿ ತಗೋಬೇಡಿ. 80 ಸೆಂಟಿಮೀಟರ್ ಪೀಸು. ಅಷ್ಟರಲ್ಲೇ ಮುಂಭಾಗ, ಬೆನ್ನು, ತೋಳು, ಪಟ್ಟಿ ಎಲ್ಲಾ ಕೂರಿಸಬೇಕು. ಎಷ್ಟೋ ಜನರಿಗೆ ಎರಡು ಭುಜ ಸಮ ಇರಲ್ಲ. ಕೆಲವರಿಗೆ ಬೆನ್ನು ಸ್ವಲ್ಪ ಬಾಗಿರುತ್ತದೆ. ಮೈ ಅಳತೆ ಒಂದೇ ಬಂದರೂ ಇಬ್ಬರಿಗೆ ಒಂದೇ ಕಟಿಂಗ್ ಕೂರಲ್ಲ. ಇನ್ನು ಕಂಕುಳ ಹತ್ತಿರ ಬಿಗಿ ಅಂತ ಗಿರಾಕಿ ಹೇಳಿದ ತಕ್ಷಣ ಹೊಸದಾಗಿ ಕಲಿಯುವವರು ಆರ್ಮ್‌ಹೋಲ್ (ತೋಳು ಕೂರಿಸುವ ಸುತ್ತು) ಇನ್ನೂ ಕೆಳಕ್ಕೆ ಕತ್ತರಿಸಿಬಿಡುತ್ತಾರೆ. ಆಗ ಕೈ ಎತ್ತಿದರೆ ಇಡೀ ಬ್ಲೌಸೇ ಮೇಲಕ್ಕೆ ಬರುತ್ತದೆ. ತೋಳು ಆರಾಮಾಗಿ ಮೇಲೆ ಹೋಗಬೇಕು ಅಂದರೆ ಆರ್ಮ್‌ಹೋಲ್ ಕಂಕುಳಿಗೆ ಹತ್ತಿರವೇ ಇರಬೇಕು, ತೋಳಿನ ಅಗಲ ಮತ್ತು ಮೇಲಿನ ದುಂಡು ಸರಿ ಮಾಡಬೇಕು. ಇದು ಯಾವ ಡ್ರಾಯಿಂಗ್‌ನಲ್ಲೂ ಕಾಣಲ್ಲ. ಹೊಲಿದು, ತೊಡಿಸಿ, "ಕೈ ಎತ್ತಮ್ಮ" ಅಂತ ಹೇಳಿ ನೋಡಿದರೆ ಮಾತ್ರ ಗೊತ್ತಾಗೋದು.

ಬಟ್ಟೆಯ ಗುಣವೂ ಹಂಗೇ. ಈಗಲೇ ಒಂದು ಕಾಟನ್ ಕರ್ಚೀಫ್ ತಗೊಳ್ಳಿ. ಅಂಚಿನ ಗುಂಟ ಹಿಡಿದು ಎಳೆಯಿರಿ, ಹಿಗ್ಗಲ್ಲ. ಹಾಸಿನ (ಉದ್ದ ಎಳೆಯ) ಕಡೆ ಎಳೆದರೂ ಅಷ್ಟೇ, ಹೊಕ್ಕಿನ (ಅಡ್ಡ ಎಳೆಯ) ಕಡೆ ಎಳೆದರೂ ಹೆಚ್ಚೇನೂ ಹಿಗ್ಗಲ್ಲ. ಈಗ ಎದುರುಬದುರು ಇರುವ ಎರಡು ಮೂಲೆ ಹಿಡಿದು ಓರೆಯಾಗಿ ಎಳೆಯಿರಿ. ಹೆಂಗೆ ಹಿಗ್ಗುತ್ತದೆ ನೋಡಿ. ನಾವು ಕ್ರಾಸ್ ಕಟ್ ಬ್ಲೌಸ್ ಅನ್ನೋದು ಇದನ್ನೇ. ಓರೆಯಾಗಿ ಕತ್ತರಿಸಿದ ಬಟ್ಟೆ ಮೈಗೆ ತಾನಾಗೇ ಕೂರುತ್ತದೆ. ಬಟ್ಟೆ ಜಾಸ್ತಿ ಬೇಕು, ಹೊಲಿಯುವಾಗ ಎಳೆದರೆ ಸೊಟ್ಟ ಆಗುತ್ತದೆ, ಅದಕ್ಕೇ ಕೂಲಿ ಜಾಸ್ತಿ. 1920ರ ದಶಕದಲ್ಲಿ ಪ್ಯಾರಿಸ್‌ನಲ್ಲಿ ಮಡ್ಲೀನ್ ವಿಯೊನೆ ಅನ್ನೋ ಹೆಣ್ಣುಮಗಳು ಇಡೀ ಗೌನನ್ನೇ ಹೀಗೆ ಓರೆಯಾಗಿ ಕತ್ತರಿಸಿ ಹೆಸರು ಮಾಡಿದರು. ಅವರು ಚಿಕ್ಕ ಹುಡುಗಿಯಾಗಿದ್ದಾಗಲೇ ಹೊಲಿಗೆ ಕೆಲಸಕ್ಕೆ ಸೇರಿದವರು. ಕಾಗದದ ಮೇಲೆ ಬರೆಯೋದಕ್ಕಿಂತ ಸಣ್ಣ ಮರದ ಗೊಂಬೆ ಮೇಲೆ ಬಟ್ಟೆ ಹೊದಿಸಿ ನೋಡಿ ಡಿಸೈನ್ ಮಾಡುತ್ತಿದ್ದರು.

ಡಿಸೈನರ್ ಅಲೆಕ್ಸಾಂಡರ್ ಮೆಕ್ವೀನ್ ಹೆಸರು ಇನ್‌ಸ್ಟಾಗ್ರಾಂ ನೋಡೋ ಮಕ್ಕಳಿಗೆಲ್ಲ ಗೊತ್ತು. ಲಂಡನ್‌ನಲ್ಲಿ ಟ್ಯಾಕ್ಸಿ ಓಡಿಸುವವರ ಮಗ. 16ನೇ ವಯಸ್ಸಿಗೆ ಶಾಲೆ ಬಿಟ್ಟು ಸವಿಲ್ ರೋ ಅನ್ನೋ ಟೈಲರ್‌ಗಳ ಬೀದಿಯಲ್ಲಿ ಕೋಟು ಹೊಲಿಯೋ ಅಂಗಡಿ ಸೇರಿದ. ಕಾಲೇಜಿಗೆ ಹೋಗಿದ್ದು ಅದಾದ ಎಷ್ಟೋ ವರ್ಷದ ಮೇಲೆ. ನಮ್ಮ ಭಾನು ಅಥೈಯಾ ಬಂದ ದಾರಿ ಬೇರೆ. ಕೊಲ್ಲಾಪುರದವರು, ಮುಂಬೈನ ಜೆ.ಜೆ. ಸ್ಕೂಲ್ ಆಫ್ ಆರ್ಟ್‌ನಲ್ಲಿ ಓದಿ ಪತ್ರಿಕೆಗಳಿಗೆ ಫ್ಯಾಷನ್ ಚಿತ್ರ ಬಿಡಿಸುತ್ತಿದ್ದರು. ಆಮೇಲೆ ಬೊಟಿಕ್‌ಗೆ ಬಟ್ಟೆ ಮಾಡಿದರು, ಅಲ್ಲಿಂದ ಸಿನಿಮಾಗೆ ಹೋದರು. 1983ರಲ್ಲಿ ವಸ್ತ್ರವಿನ್ಯಾಸಕ್ಕೆ ಆಸ್ಕರ್ ತಗೊಂಡರು, ಆಸ್ಕರ್ ಗೆದ್ದ ಮೊದಲ ಭಾರತೀಯರು ಅವರೇ. ಚಿತ್ರದಿಂದ ಶುರು ಮಾಡಿದವರು ಕೂಡ ಬಟ್ಟೆ ಹತ್ತಿರ ಬರಲೇಬೇಕಾಯಿತು.

ಈಗ ಕಾಲೇಜಿನ ವಿಷಯ. ನಿಫ್ಟ್ (ನ್ಯಾಷನಲ್ ಇನ್‌ಸ್ಟಿಟ್ಯೂಟ್ ಆಫ್ ಫ್ಯಾಷನ್ ಟೆಕ್ನಾಲಜಿ) ಕೇಂದ್ರದ ಜವಳಿ ಸಚಿವಾಲಯದ ಸಂಸ್ಥೆ, 1986ರಲ್ಲಿ ದೆಹಲಿಯಲ್ಲಿ ಶುರುವಾಗಿದ್ದು. ಬೆಂಗಳೂರಲ್ಲೂ ಕ್ಯಾಂಪಸ್ ಇದೆ, ಎಚ್‌ಎಸ್‌ಆರ್ ಲೇಔಟ್‌ನಲ್ಲಿ. ನಾಲ್ಕು ವರ್ಷದ ಬಿ.ಡಿಸೈನ್‌ಗೆ ಪಿಯುಸಿಯಲ್ಲಿ ಆರ್ಟ್ಸ್, ಕಾಮರ್ಸ್, ಸೈನ್ಸ್ ಯಾವುದಾದರೂ ನಡೆಯುತ್ತದೆ. ಗಾರ್ಮೆಂಟ್ ಪ್ರೊಡಕ್ಷನ್ ಕಡೆಯ ಬಿ.ಎಫ್.ಟೆಕ್ ಬೇಕಾದರೆ ಗಣಿತ ಓದಿರಬೇಕು. ಬಿ.ಡಿಸೈನ್‌ಗೆ ಲಿಖಿತ ಪರೀಕ್ಷೆ ಆದ ಮೇಲೆ ಸಿಚುಯೇಶನ್ ಟೆಸ್ಟ್ ಅಂತ ಒಂದು ಇರುತ್ತದೆ. ಅವರೇ ಸಾಮಾನು ಕೊಟ್ಟು, ಒಂದು ವಿಷಯ ಹೇಳಿ, ಕೈಯಲ್ಲಿ ಮಾಡೆಲ್ ಮಾಡಿ ತೋರಿಸಿ ಅಂತಾರೆ. ಕೋಚಿಂಗ್ ಸೆಂಟರ್‌ಗಳಲ್ಲಿ ವರ್ಷವಿಡೀ ಡ್ರಾಯಿಂಗ್ ಮಾಡಿದ ಮಕ್ಕಳು ಇಲ್ಲಿ ತಡವರಿಸುತ್ತಾರೆ. ಮನೆಯಲ್ಲಿ ರಟ್ಟು, ತಂತಿ, ಚಿಂದಿ ಬಟ್ಟೆ ಇಟ್ಟುಕೊಂಡು ಏನಾದರೂ ಮಾಡುತ್ತಾ ಬೆಳೆದ ಮಕ್ಕಳಿಗೆ ಇದು ಸಲೀಸು. ಫೀಸು ಲಕ್ಷಗಟ್ಟಲೆ, ಹಾಸ್ಟೆಲ್ ಸೇರಿದರೆ ಇನ್ನೂ ಮೇಲೆ. ಸ್ಕಾಲರ್‌ಶಿಪ್ ವಿಚಾರಿಸಿ, ಸಂಕೋಚ ಬೇಡ.

ನನಗೆ ಸಿಟ್ಟು ಬರೋದು ಬೀದಿಗೊಂದು ಬೋರ್ಡ್ ಹಾಕಿಕೊಂಡಿರುವ ಕೆಲವು ಪ್ರೈವೇಟ್ ಕಾಲೇಜುಗಳ ಮೇಲೆ. ಹೆಸರು ಬೇಡ. ನಮ್ಮ ಕಡೆಯ ಒಬ್ಬ ಹುಡುಗಿ, ತುಂಬಾ ಚುರುಕು, ಅಪ್ಪ ಸಾಲ ಮಾಡಿ ಬೆಂಗಳೂರಲ್ಲಿ ಅಂಥ ಒಂದು ಕಡೆ ಸೇರಿಸಿದರು. ಮೂರು ವರ್ಷ ಮೂಡ್ ಬೋರ್ಡ್ (ಚಿತ್ರ, ಬಣ್ಣದ ತುಣುಕು ಅಂಟಿಸಿದ ರಟ್ಟು), ಪಿಪಿಟಿ, ವರ್ಷದ ಕೊನೆಗೆ ರ‍್ಯಾಂಪ್ ಶೋ. ಆ ಶೋಗೆ ಬಟ್ಟೆ ಹೊಲಿದಿದ್ದು ಹೊರಗಿನ ಟೈಲರ್‌ಗಳು, ಆ ದುಡ್ಡೂ ಮಕ್ಕಳದ್ದೇ. ಊರಿಗೆ ವಾಪಸ್ ಬಂದಾಗ ಅವಳಿಗೆ ಒಂದು ತೋಳು ಕೂರಿಸೋಕೆ ಬರುತ್ತಿರಲಿಲ್ಲ. ಅವಳ ತಪ್ಪು ಏನಿದೆ ಇದರಲ್ಲಿ? ಕಲಿಸೋ ಜಾಗದಲ್ಲಿ ಕಲಿಸಲಿಲ್ಲ. ಆಮೇಲೆ ನಮ್ಮ ಅಂಗಡಿಗೇ ಬಂದು ಕಲಿತಳು, ಈಗ ಒಂದು ಎಕ್ಸ್‌ಪೋರ್ಟ್ ಕಂಪನಿಯಲ್ಲಿ ಸ್ಯಾಂಪ್ಲಿಂಗ್, ಅಂದರೆ ಮಾದರಿ ಬಟ್ಟೆ ಮಾಡುವ ವಿಭಾಗದಲ್ಲಿ ಇದ್ದಾಳೆ.

ಅದಕ್ಕೇ ಹೇಳೋದು, ಕಾಲೇಜು ನೋಡೋಕೆ ಹೋದಾಗ ಬಿಲ್ಡಿಂಗ್ ನೋಡಬೇಡಿ. ಲ್ಯಾಬ್ ತೋರಿಸಿ ಅನ್ನಿ. ಎಷ್ಟು ಮಕ್ಕಳಿಗೆ ಎಷ್ಟು ಮೆಷಿನ್, ಅವು ಫ್ಯಾಕ್ಟರಿ ಮೆಷಿನ್ನಾ ಮನೆ ಮೆಷಿನ್ನಾ, ನಿಂತು ಕಟಿಂಗ್ ಮಾಡೋಕೆ ದೊಡ್ಡ ಟೇಬಲ್ ಇದೆಯಾ ಕೇಳಿ. ಕೊನೆ ವರ್ಷದ ಮಕ್ಕಳು ಹೊಲಿದ ಬಟ್ಟೆ ಇದ್ದರೆ ಕೊಡಿ ಅಂತ ಕೇಳಿ ಉಲ್ಟಾ ಮಾಡಿ ನೋಡಿ. ಮೇಲೆ ಎಷ್ಟೇ ಚೆಂದ ಇರಲಿ, ಒಳಗಡೆ ಹೊಲಿಗೆ, ಓವರ್‌ಲಾಕ್ (ಎಳೆ ಬಿಚ್ಚದಂತೆ ಅಂಚಿಗೆ ಹಾಕೋ ಹೊಲಿಗೆ), ಮಾರ್ಜಿನ್ ಹೆಂಗಿದೆ ಅನ್ನೋದರಲ್ಲಿ ಆ ಕಾಲೇಜಿನ ಪಾಠ ಎಂಥದ್ದು ಅಂತ ಗೊತ್ತಾಗುತ್ತದೆ.

ದುಡ್ಡಿಲ್ಲ ಅಂದರೆ ದಾರಿಯೇ ಇಲ್ಲ ಅಂತೇನಿಲ್ಲ. ಐಟಿಐಗಳಲ್ಲಿ ಹೊಲಿಗೆಯ ಟ್ರೇಡ್ ಇದೆ. ಮಹಿಳಾ ಪಾಲಿಟೆಕ್ನಿಕ್‌ಗಳಲ್ಲಿ ಮೂರು ವರ್ಷದ ಡಿಪ್ಲೊಮಾ ಇರುತ್ತದೆ. ಕೆಲಸ ಅಂದರೆ ಡಿಸೈನರ್ ಒಂದೇ ಅಲ್ಲ, ಅದರ ಸೀಟು ಕಮ್ಮಿ ಕೂಡ. ಕತ್ತರಿಸೋಕೆ ಕಾಗದದ ಅಚ್ಚು ಮಾಡುವ ಪ್ಯಾಟರ್ನ್ ಮಾಸ್ಟರ್, ಆರ್ಡರ್ ನೋಡ್ಕೊಳ್ಳೋ ಮರ್ಚೆಂಡೈಸರ್, ಕ್ವಾಲಿಟಿ, ಕಂಪ್ಯೂಟರ್‌ನಲ್ಲಿ ಪ್ಯಾಟರ್ನ್ ಮಾಡೋ ಕ್ಯಾಡ್, ಸಿನಿಮಾ ಸೀರಿಯಲ್ ಕಾಸ್ಟ್ಯೂಮ್, ಟೀಚಿಂಗ್. ಇದರಲ್ಲಿ ಒಳ್ಳೆ ಪ್ಯಾಟರ್ನ್ ಮಾಸ್ಟರ್‌ಗೆ ಯಾವತ್ತೂ ಬೇಡಿಕೆ ತಪ್ಪಿಲ್ಲ.

ಇನ್ನೊಂದು ಮಾತು ಮಕ್ಕಳಿಗೆ. ಫ್ಯಾಷನ್ ಅಂದರೆ ಬೆಂಗಳೂರು, ಮುಂಬೈ, ಪ್ಯಾರಿಸ್ ಅಂತ ಅಂದ್ಕೊಂಡಿದ್ದೀರಲ್ಲ, ನೀವು ಹುಟ್ಟಿದ ಊರು ಯಾವುದು ಗೊತ್ತಾ? ದಾವಣಗೆರೆಗೆ ಕರ್ನಾಟಕದ ಮ್ಯಾಂಚೆಸ್ಟರ್ ಅಂತ ಹೆಸರಿತ್ತು. ಸುತ್ತಲ ಕಪ್ಪು ಮಣ್ಣಿನ ಹತ್ತಿ ಇಲ್ಲಿಗೇ ಬರುತ್ತಿತ್ತು, ಇಲ್ಲೇ ನೂಲಾಗುತ್ತಿತ್ತು. ಮಿಲ್ಲು ಮುಚ್ಚಿದವು. ಡಿಸಿಎಂ ಟೌನ್‌ಶಿಪ್ ಅನ್ನೋ ಹೆಸರು ಉಳಿದಿದೆ, ಅದು ದಾವಣಗೆರೆ ಕಾಟನ್ ಮಿಲ್ ಅಂತ ಈಗಿನ ಮಕ್ಕಳಿಗೆ ಗೊತ್ತಿಲ್ಲ. ಹರಿಹರ ದಾಟಿ ಹೊಳೆ ಆಚೆ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಮರದ ತಿರುಳಿನಿಂದ ವಿಸ್ಕೋಸ್ ನಾರು ಮಾಡುತ್ತಾರೆ. ನೀವು ರೇಯಾನ್ ಕುರ್ತಿ ಅಂತ ತಗೊಳ್ಳೋದು ಆ ಜಾತಿಯ ನಾರಿನದೇ. ಬಳ್ಳಾರಿಗೆ ಹೋದರೆ ಗಲ್ಲಿ ಗಲ್ಲಿಯಲ್ಲಿ ಜೀನ್ಸ್ ಹೊಲಿಯುತ್ತಾರೆ. ಚಳ್ಳಕೆರೆ ಕಡೆ ಕುರುಬರು ನಮ್ಮ ದಖ್ಖನಿ ಕುರಿಯ ಉಣ್ಣೆಯಿಂದ ಕಂಬಳಿ ನೇಯುತ್ತಾರೆ, ನೂಲಿಗೆ ಹುಣಸೆ ಬೀಜದ ಗಂಜಿ ಹಾಕಿ. ಆ ಕಪ್ಪು ಕುರಿಯ ಬಣ್ಣವೇ, ಬಣ್ಣ ಹಾಕಿದ್ದಲ್ಲ.

ಮೊಳಕಾಲ್ಮೂರಿಗೆ ಹೋಗಿಬನ್ನಿ ಅಂತ ನಾನು ಎಲ್ಲ ಮಕ್ಕಳಿಗೂ ಹೇಳುತ್ತೇನೆ. ಜಿಐ ಟ್ಯಾಗ್ (ಇದು ಈ ಊರಿನದೇ ಅನ್ನೋ ಸರ್ಕಾರಿ ಗುರುತು) ಇರುವ ರೇಷ್ಮೆ ಸೀರೆ, ಚಿತ್ರದುರ್ಗ ಜಿಲ್ಲೆಯದು, ಆದರೂ ನಮ್ಮವರು ಮದುವೆ ಜವಳಿಗೆ ಕಂಚಿಗೆ ಗಾಡಿ ಮಾಡ್ಕೊಂಡು ಹೋಗುತ್ತಾರೆ. ಮೂರು ಲಾಳಿ (ಅಡ್ಡ ನೂಲು ಹಾಯಿಸೋ ಸಾಧನ) ಹಾಕಿ ನೇಯೋದನ್ನು ಹತ್ತಿರ ಕೂತು ನೋಡಿ. ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು. ಒಡಲಿನ ಬಣ್ಣದ ನೂಲು ಅಂಚಿನ ನೂಲನ್ನು ಪ್ರತಿ ಸಾಲಿನಲ್ಲೂ ಹಿಡಿದುಕೊಳ್ಳುತ್ತಾ ಹೋಗುತ್ತದೆ. ಒಂದು ಸಾಲು ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ. ಅದನ್ನು ನೇಯುವವರ ಮಕ್ಕಳು ಈ ಕೆಲಸ ಬೇಡ ಅನ್ನುತ್ತಿದ್ದಾರೆ, ಯಾಕಂದ್ರೆ ಹೊಟ್ಟೆ ತುಂಬಲ್ಲ. ಡಿಸೈನ್ ಓದಿದವರು ಕೈ ಹಾಕಬೇಕಾದ್ದು ಇಂಥಲ್ಲಿ.

ಬಟ್ಟೆ ಗುರುತು ಹಿಡಿಯೋದನ್ನೂ ಕಲಿಯಿರಿ, ಕೊಳ್ಳುವವರೂ ಕಲಿಯಿರಿ. ಅಂಚಿಂದ ಎರಡು ಎಳೆ ತೆಗೆದು ಬೆಂಕಿ ತೋರಿಸಿ. ಕಾಟನ್ ಕಾಗದ ಸುಟ್ಟ ವಾಸನೆ ಕೊಟ್ಟು ಬೂದಿಯಾಗುತ್ತದೆ. ರೇಷ್ಮೆ ಕೂದಲು ಸುಟ್ಟ ವಾಸನೆ ಬರುತ್ತದೆ, ಉಳಿದದ್ದನ್ನು ಬೆರಳಲ್ಲಿ ಒತ್ತಿದರೆ ಪುಡಿ. ಪಾಲಿಯೆಸ್ಟರ್ ಕರಗಿ ಗಟ್ಟಿ ಗುಂಡು ಆಗುತ್ತದೆ. ಆರಿದ ಮೇಲೆ ಮುಟ್ಟಿ, ಬಿಸಿ ಇರುವಾಗ ಮುಟ್ಟಿದರೆ ಕೈಗೆ ಅಂಟಿ ಸುಡುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಲ್ಲಿ, ಸೆಕೆಗೆ ಕೂರೋಕಾಗದ ಕಲ್ಯಾಣ ಮಂಟಪದಲ್ಲಿ, ಪಾಲಿಯೆಸ್ಟರ್ ನೆಟ್ಟಿನ ಲೆಹೆಂಗಾ ಹಾಕಿಸಿ ಪುಟ್ಟ ಮಕ್ಕಳನ್ನು ಅಳಿಸುತ್ತೀರಲ್ಲ, ನನಗೆ ಸಂಕಟ ಆಗುತ್ತದೆ. ಕೊನೆಪಕ್ಷ ಒಳಗಡೆ ಕಾಟನ್ ಲೈನಿಂಗ್ ಹಾಕಿಸಿ.

ಸ್ಟೈಲ್ ಬಗ್ಗೆ ನನ್ನ ದೊಡ್ಡ ಜಗಳ ಬಣ್ಣದ್ದು. "ನೀನು ಕಪ್ಪಗಿದ್ದೀಯ, ಆ ಕಲರ್ ಬೇಡ" ಅಂತ ಅಂಗಡಿಯಲ್ಲೇ ಮಗಳಿಗೆ ಹೇಳುವ ಅಮ್ಮಂದಿರೇ, ದಯವಿಟ್ಟು ನಿಲ್ಲಿಸಿ. ಆ ಹುಡುಗಿ ಮುಖ ಕನ್ನಡಿಯಲ್ಲಿ ಸಣ್ಣಗಾಗೋದನ್ನು ನಾನು ನೋಡುತ್ತೇನೆ, ನೀವು ಸೀರೆ ನೋಡುತ್ತಿರುತ್ತೀರಿ. ಕಪ್ಪು ಮೈಬಣ್ಣಕ್ಕೆ ಅರಿಶಿನ, ರಾಣಿ ಕಲರ್, ಗಿಣಿ ಹಸಿರು ಎಷ್ಟು ಎದ್ದು ಕಾಣುತ್ತದೆ ಅಂತ ಒಂದ್ಸಲ ಭುಜದ ಮೇಲೆ ಹಾಕಿ ಬೆಳಕಿಗೆ ನಿಲ್ಲಿಸಿ ನೋಡಿ. ಪೇಲವ ಬಣ್ಣ ಉಡಿಸಿ ಮಕ್ಕಳನ್ನು ಮಂಕು ಮಾಡುತ್ತಿರೋದು ನಾವೇ. ಫೋನಲ್ಲಿ ಫೋಟೋ ತೋರಿಸಿ "ಡಿಟ್ಟೋ ಇದೇ ತರ" ಅನ್ನೋರಿಗೂ ಒಂದು ಮಾತು. ಫೋಟೋ ತೆಗೆಯುವಾಗ ಮಾಡೆಲ್ ಬೆನ್ನ ಹಿಂದೆ ಕ್ಲಿಪ್ ಹಾಕಿ ಬಿಗಿ ಮಾಡಿರುತ್ತಾರೆ. ನೀವು ಬೆನ್ನಿಗೆ ಕ್ಲಿಪ್ ಹಾಕ್ಕೊಂಡು ಊಟಕ್ಕೆ ಬಡಿಸೋಕೆ ಆಗಲ್ಲ.

ಡಿಸೈನ್ ಮಾಡೋಕೆ ಏನು ವಿಷಯ ತಗೊಳ್ಳಲಿ ಅಕ್ಕ ಅಂತ ಕಲಿಯೋ ಮಕ್ಕಳು ಕೇಳುತ್ತಾರೆ. ಬೆಳಿಗ್ಗೆ ಆರೂವರೆಗೆ ಊರಾಚೆ ರಸ್ತೆಯಲ್ಲಿ ನಿಂತು ನೋಡಿ. ಬುತ್ತಿ ಕಟ್ಟಿಕೊಂಡು ಆಟೋದಲ್ಲಿ ಹೊಲಕ್ಕೆ ಹೋಗುವ ಹೆಣ್ಣುಮಕ್ಕಳು ಸೀರೆ ಮೇಲೆ ಗಂಡನದೋ ಮಗನದೋ ಹಳೇ ಫುಲ್ ಶರ್ಟ್ ಹಾಕಿರುತ್ತಾರೆ. ಮೆಕ್ಕೆಜೋಳದ ಗರಿ ಕೈ ಕೊಯ್ಯುತ್ತದೆ, ಬಿಸಿಲು ಬೇರೆ. ಆ ಶರ್ಟು ಅವರಿಗಾಗಿ ಹೊಲಿದದ್ದಲ್ಲ. ಸೊಂಟದ ಹತ್ತಿರ ಸೀರೆ ನೆರಿಗೆ ಮೇಲೆ ಬಿಗಿಯುತ್ತದೆ, ಗುಂಡಿ ಹಾಕೋಕೆ ಆಗಲ್ಲ, ಭುಜ ಜಾರುತ್ತದೆ, ಜೇಬಲ್ಲಿ ಫೋನ್ ಇಟ್ಟು ಬಗ್ಗಿದರೆ ಬೀಳುತ್ತದೆ. ನಮ್ಮ ಜಿಲ್ಲೆಯಲ್ಲಿ ದಿನಾ ಎಷ್ಟು ಸಾವಿರ ಹೆಂಗಸರು ಇದನ್ನು ಹಾಕುತ್ತಾರೋ, ಅವರಿಗೆ ಅಂತ ಒಂದು ಅಂಗಿ ಮಾಡಿದ ಡಿಸೈನರ್ ನನ್ನ ಕಣ್ಣಿಗಂತೂ ಬಿದ್ದಿಲ್ಲ.

ನಾನೊಂದು ಮಾಡುತ್ತಿದ್ದೇನೆ. ತೆಳು ಕಾಟನ್, ಎರಡೂ ಪಕ್ಕ ಸೊಂಟದಿಂದ ಕೆಳಗೆ ಓಪನ್, ಕತ್ತಿನ ಹಿಂದೆ ಎತ್ತರದ ಪಟ್ಟಿ, ಫೋನ್‌ಗೆ ಒಳಜೇಬು, ಅದಕ್ಕೆ ಗುಂಡಿ. ಆರ್ಮ್‌ಹೋಲ್ ಮೇಲೆಯೇ ಇಟ್ಟಿದ್ದೇನೆ, ಕೈ ಎತ್ತಿ ತೆನೆ ಮುರಿಯುವಾಗ ಎಳೆಯಬಾರದು. ಕಷ್ಟ ಇರೋದು ರೇಟಿನದು. ಹಳೇ ಶರ್ಟ್ ಪುಕ್ಕಟೆ ಸಿಗುತ್ತದೆ, ಇದಕ್ಕೆ ದುಡ್ಡು ಕೊಡಬೇಕು, ಬಟ್ಟೆ ಪೋಲು ಎಷ್ಟು ಕಮ್ಮಿ ಮಾಡಿದರೂ ಇನ್ನೂ ಅವರ ಕೈಗೆಟುಕುವ ರೇಟಿಗೆ ಬಂದಿಲ್ಲ. ತಲೆ ಓಡುವ ಮಕ್ಕಳು ಯಾರಾದರೂ ಇದ್ದರೆ ಅಂಗಡಿಗೆ ಬನ್ನಿ. ಪ್ಯಾಟರ್ನ್ ಪೇಪರ್ ಇದೆ, ಟ್ರೇಸ್ ಮಾಡ್ಕೊಂಡು ಹೋಗಿ, ನನಗೆ ಏನೂ ಕೊಡಬೇಕಾಗಿಲ್ಲ. ಭಾನುವಾರ ಬೇಡ, ಅವತ್ತು ಕ್ಲಾಸ್ ಇರುತ್ತದೆ.