ಎಂಪಿಗೆ ಶಿಕ್ಷೆಯಾದರೆ ಮತದಾರರ ಮನೆಗೆ ಕಾಗದ ಬರಬೇಕು

ಇಂಗ್ಲೆಂಡಿನ ಪೀಟರ್‌ಬರೋದ ನನ್ನ ಮನೆಗೆ 2019ರ ಮಾರ್ಚ್‌ನಲ್ಲಿ ಬಂದ ಒಂದು ಕಾಗದದ ವಿಷಯ ಹೇಳಿದರೆ ಬೇಲೂರು ಕಡೆಯ ನನ್ನ ನೆಂಟರು ಈಗಲೂ ನಂಬುವುದಿಲ್ಲ. ನಿಮ್ಮ ಕ್ಷೇತ್ರದ ಸಂಸದೆಗೆ ಜೈಲು ಶಿಕ್ಷೆಯಾಗಿದೆ. ಅವರು ಸ್ಥಾನ ಬಿಡಬೇಕು, ಉಪಚುನಾವಣೆ ಆಗಬೇಕು ಎಂದು ನಿಮಗೆ ಅನ್ನಿಸಿದರೆ ಇಂಥಿಂಥ ಜಾಗಕ್ಕೆ ಬಂದು ಸಹಿ ಹಾಕಬಹುದು, ಆರು ವಾರ ಸಮಯವಿದೆ. ಅದರಲ್ಲಿ ಇದ್ದದ್ದು ಇಷ್ಟೇ. ನನ್ನ ಕೈಯಲ್ಲಿರುವುದು ಭಾರತದ ಪಾಸ್‌ಪೋರ್ಟ್. ಕಾಮನ್‌ವೆಲ್ತ್ ದೇಶದವರು ಇಲ್ಲಿ ನೆಲೆಸಿದ್ದರೆ ಮತದಾರರ ಪಟ್ಟಿಗೆ ಸೇರಬಹುದು ಎಂಬ ಕಾನೂನಿನಿಂದಾಗಿ ನನ್ನ ಹೆಸರೂ ಪಟ್ಟಿಯಲ್ಲಿತ್ತು. ಬೇಲೂರಿನಲ್ಲಿ ಮತ ಹಾಕಬೇಕೆಂದರೆ ನಾನು ವಿಮಾನ ಹತ್ತಿ ಮತಗಟ್ಟೆಗೇ ಬಂದು ನಿಲ್ಲಬೇಕು, ಹೊರದೇಶದಲ್ಲಿರುವ ನಮ್ಮಂಥವರಿಗೆ ಬೇರೆ ದಾರಿಯೇ ಇಲ್ಲ. ಪರದೇಶದ ಊರೊಂದು ಮನೆ ಬಾಗಿಲಿಗೆ ಕಾಗದ ಕಳಿಸಿ ನನ್ನ ಅಭಿಪ್ರಾಯ ಕೇಳಿತ್ತು. ಅವತ್ತು ಆದ ಸಂತೋಷ ಇನ್ನೂ ಮನಸ್ಸಿನಲ್ಲಿದೆ.

ಆ ಸಂಸದೆ ಫಿಯೋನಾ ಒನಸಾನ್ಯಾ. 2017ರಲ್ಲಿ ಬರೀ 607 ಮತಗಳಿಂದ ಗೆದ್ದವರು. ಅದೇ ಜುಲೈನಲ್ಲಿ ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ ಅವರ ಕಾರು 41 ಮೈಲಿ ವೇಗದಲ್ಲಿ ಹೋಗಿ ಕ್ಯಾಮೆರಾಗೆ ಸಿಕ್ಕಿತು. ದಂಡ ಕಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕಾರು ಓಡಿಸುತ್ತಿದ್ದವರು ಯಾರು ಎಂಬುದರ ಬಗ್ಗೆ ಸುಳ್ಳು ಹೇಳಿದರು. 2018ರ ಡಿಸೆಂಬರ್‌ನಲ್ಲಿ ಲಂಡನ್ನಿನ ಓಲ್ಡ್ ಬೇಲಿ ನ್ಯಾಯಾಲಯ ಅವರನ್ನು ತಪ್ಪಿತಸ್ಥೆ ಎಂದಿತು, ಮುಂದಿನ ತಿಂಗಳು ಮೂರು ತಿಂಗಳ ಜೈಲು ವಿಧಿಸಿತು. ಮೇಲ್ಮನವಿ ಮಾರ್ಚ್‌ನಲ್ಲಿ ವಜಾ ಆದ ಮೇಲೆಯೇ ನಮಗೆ ಕಾಗದ ಬಂದದ್ದು. ಶೇ 10ರಷ್ಟು ಮತದಾರರ ಸಹಿ ಸಾಕಿತ್ತು, ಬಿದ್ದದ್ದು ಶೇ 27ಕ್ಕೂ ಹೆಚ್ಚು. ಸ್ಥಾನ ಹೋಯಿತು. ನಾನೂ ಸಹಿ ಹಾಕಿದ್ದೆ.

ಈ ಕಥೆಯನ್ನು ಅಣ್ಣನ ಮಗನ ಬೀಗರೂಟದಲ್ಲಿ ಹೇಳಿದಾಗ ಪಕ್ಕದ ಎಲೆಯಲ್ಲಿ ಕೂತಿದ್ದ ಸೋದರಮಾವ ಊಟ ನಿಲ್ಲಿಸಿ ನಕ್ಕರು. "ಜೋರಾಗಿ ಕಾರು ಓಡ್ಸಿದ್ಕೆ ಎಂಪಿನ ಇಳ್ಸಿಬುಟ್ರಾ? ಹಂಗ್ ನೋಡುದ್ರೆ ನಮ್ಮಲ್ಲಿ ಒಬ್ರೂ ಉಳಿಯಾಕಿಲ್ಲ ಕಣವ್ವ." ಸಾಲಿಗೆ ಸಾಲೇ ನಕ್ಕಿತು. ನನಗೆ ಆ ನಗು ಚುಚ್ಚಿತು. ಯಾರ ಮೇಲೆ ಎಷ್ಟು ಕೇಸಿದೆ, ಯಾವ ಸೆಕ್ಷನ್ನು, ಯಾವ ಕೋರ್ಟಿನಲ್ಲಿದೆ ಎಂಬುದೆಲ್ಲ ಆ ಸಾಲಿನಲ್ಲಿ ಕೂತವರಿಗೆ ಬಾಯಿಪಾಠ. ಗೊತ್ತಿದ್ದೂ ಮತ ಹಾಕುತ್ತಾರೆ. "ಕೇಸಿದ್ರೇನವ್ವ, ಆಸ್ಪತ್ರೆಗೆ ಫೋನ್ ಮಾಡು ಅಂದ್ರೆ ರಾತ್ರಿ ಎರಡಕ್ಕೂ ಮಾಡ್ತಾರೆ" ಎಂದರು ಮಾವ. ಅದು ಸುಳ್ಳಲ್ಲ. ಆದರೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಗಲು ರಾತ್ರಿ ಎರಡಕ್ಕೆ ಒಬ್ಬರ ಫೋನು ಬೇಕಾಗಿರುವುದೇ ಸರಿಯಲ್ಲ ಎಂಬುದನ್ನು ಊರಲ್ಲಿ ಯಾರೂ ಮಾತಿಗೆ ಎತ್ತಿಕೊಳ್ಳುವುದಿಲ್ಲ.

ಕಾಗದದ ಮೇಲೆ ನೋಡಿದರೆ ನಮ್ಮ ಕಾನೂನೇ ಇವರದಕ್ಕಿಂತ ಬಿಗಿ. 1951ರ ಜನತಾ ಪ್ರಾತಿನಿಧ್ಯ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಎರಡು ವರ್ಷ ಅಥವಾ ಹೆಚ್ಚು ಶಿಕ್ಷೆಯಾದವರು ಜೈಲಿನಲ್ಲಿರುವಷ್ಟು ಕಾಲವಷ್ಟೇ ಅಲ್ಲ, ಹೊರಬಂದ ಮೇಲೂ ಆರು ವರ್ಷ ಚುನಾವಣೆಗೆ ನಿಲ್ಲುವಂತಿಲ್ಲ. ಕೆಲವು ಅಪರಾಧಗಳಿಗೆ ಬರೀ ದಂಡ ಬಿದ್ದರೂ ಅನರ್ಹತೆ ಬರುತ್ತದೆ. ಮೇಲ್ಮನವಿ ಹಾಕಿ ಕುರ್ಚಿ ಉಳಿಸಿಕೊಳ್ಳಲು ಹಾಲಿ ಶಾಸಕರು, ಸಂಸದರಿಗಿದ್ದ ರಿಯಾಯಿತಿಯನ್ನು ಲಿಲ್ಲಿ ಥಾಮಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2013ರ ಜುಲೈನಲ್ಲಿ ಕಿತ್ತುಹಾಕಿತು. ಬ್ರಿಟನ್ನಿನಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಶಿಕ್ಷೆಯಾದವರು ಸೆರೆಯಲ್ಲಿರುವಷ್ಟು ಕಾಲ ಮಾತ್ರ ಅನರ್ಹರು. ಹೊರಬಂದ ಮಾರನೇ ದಿನ ನಾಮಪತ್ರ ಸಲ್ಲಿಸಬಹುದು.

ಹಾಗಿದ್ದೂ ನನಗೆ ಇವರ ಕ್ರಮವೇ ಹಿಡಿಸಿತು. ಒನಸಾನ್ಯಾ ಅವರಿಗೆ ಆದ ಮೂರು ತಿಂಗಳ ಶಿಕ್ಷೆ ನಮ್ಮಲ್ಲಿ ಯಾವ ಸಂಸದರಿಗಾದರೂ ಆಗಿದ್ದರೆ, ಎರಡು ವರ್ಷದ ಗೆರೆ ಮುಟ್ಟದೆ, ಅವರು ಅವಧಿ ಮುಗಿಸಿಯೇ ಏಳುತ್ತಿದ್ದರು. ಗೆರೆ ದಾಟಿದರೆ ಅನರ್ಹತೆ ಆ ಕ್ಷಣಕ್ಕೆ, ದಾಟದಿದ್ದರೆ, ಆ ಕೆಲವು ಅಪರಾಧಗಳನ್ನು ಬಿಟ್ಟು, ಏನೂ ಇಲ್ಲ. ಎರಡರಲ್ಲೂ ಮತದಾರನ ಪಾತ್ರವಿಲ್ಲ. ಇಲ್ಲಿ 2015ರ ಕಾನೂನು ಬಂದ ಮೇಲೆ ಸಣ್ಣ ಶಿಕ್ಷೆಯಾದರೂ, ಅಮಾನತಿನಲ್ಲಿಟ್ಟ ಶಿಕ್ಷೆಯಾದರೂ, ಪ್ರಶ್ನೆ ಕ್ಷೇತ್ರಕ್ಕೆ ವಾಪಸ್ ಬರುತ್ತದೆ. ಹಾಗೆ ಇಳಿದವರೂ ಉಪಚುನಾವಣೆಗೆ ಮತ್ತೆ ನಿಲ್ಲಬಹುದು. ವೇಲ್ಸಿನ ಕ್ರಿಸ್ ಡೇವಿಸ್ ಎಂಬ ಸಂಸದರು ಸುಳ್ಳು ಖರ್ಚಿನ ಲೆಕ್ಕ ಕೊಟ್ಟು ಶಿಕ್ಷೆಗೊಳಗಾಗಿ, ಜನರ ಸಹಿಯಿಂದ ಸ್ಥಾನ ಕಳೆದುಕೊಂಡು, ಅದೇ ವರ್ಷ ಅದೇ ಪಕ್ಷದಿಂದ ಅದೇ ಕ್ಷೇತ್ರದಲ್ಲಿ ನಿಂತು ಸೋತರು. ಶಿಕ್ಷೆಯಾದವರು ನಿಲ್ಲಲಿ, ಜನ ಹೇಳಲಿ ಎಂಬ ಈ ಧೈರ್ಯ ನನಗೆ ಇಷ್ಟ.

ನಮ್ಮ ಬಿಗಿ ಕಾನೂನು ತೀರ್ಪಿನ ದಿನಕ್ಕಾಗಿ ಕಾಯುತ್ತದೆ. ಆ ದಿನ ಬರುವುದರೊಳಗೆ ಮಂತ್ರಿಗಿರಿ ಮುಗಿದಿರುತ್ತದೆ. ಓಬಳಾಪುರಂ ಗಣಿ ಪ್ರಕರಣವನ್ನು ಸಿಬಿಐ ದಾಖಲಿಸಿದ್ದು 2009ರಲ್ಲಿ, ಗಾಲಿ ಜನಾರ್ದನ ರೆಡ್ಡಿ ಅವರಿಗೆ ಹೈದರಾಬಾದಿನ ಕೋರ್ಟ್ ಏಳು ವರ್ಷ ಶಿಕ್ಷೆ ವಿಧಿಸಿದ್ದು 2025ರ ಮೇನಲ್ಲಿ. ನಡುವೆ 2023ರಲ್ಲಿ ಅವರು ಗಂಗಾವತಿಯಿಂದ ಗೆದ್ದು ಶಾಸಕರಾಗಿದ್ದರು. ಶಾಸಕತ್ವ ಹೋಯಿತು. ತೆಲಂಗಾಣ ಹೈಕೋರ್ಟ್ ಶಿಕ್ಷೆಗೆ ತಡೆ ಕೊಟ್ಟಿತು, ಶಾಸಕತ್ವ ವಾಪಸ್ ಬಂತು. ಹೋದದ್ದೂ ಬಂದದ್ದೂ ನ್ಯಾಯಾಲಯ, ಸಚಿವಾಲಯಗಳ ನಡುವಿನ ಕಾಗದಪತ್ರದಲ್ಲೇ. ಗಂಗಾವತಿಯವರನ್ನು ಯಾರೂ ಏನನ್ನೂ ಕೇಳಲಿಲ್ಲ.

ನಮ್ಮ ಕಡೆಯ ಜನರಿಗೆ ಇದು ಹೊಸದೇನಲ್ಲ. ನನ್ನ ಅಜ್ಜಿಯ ಮನೆ ಮೂಡಿಗೆರೆ ಹತ್ತಿರ. 1978ರ ನವೆಂಬರ್‌ನಲ್ಲಿ ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಚಿಕ್ಕಮಗಳೂರು ಕ್ಷೇತ್ರದಲ್ಲಿ ಇಂದಿರಾ ಗಾಂಧಿ ನಿಂತಾಗ ಅಜ್ಜಿ ತೋಟದ ಆಳುಗಳ ಜೊತೆ ಲಾರಿ ಹತ್ತಿ ಹೋಗಿ ಮತ ಹಾಕಿ ಬಂದಿದ್ದರು. ತುರ್ತು ಪರಿಸ್ಥಿತಿ ಹೇರಿದವರು, ಚುನಾವಣಾ ಅಕ್ರಮಕ್ಕಾಗಿ ಅಲಹಾಬಾದ್ ಹೈಕೋರ್ಟಿನಿಂದ 1975ರಲ್ಲಿ ಆರು ವರ್ಷ ಅನರ್ಹತೆಯ ತೀರ್ಪು ಹೇಳಿಸಿಕೊಂಡವರು, ಕ್ರಿಮಿನಲ್ ಶಿಕ್ಷೆ ಅಲ್ಲದಿದ್ದರೂ ಆ ಹೊತ್ತಿಗೆ ದೇಶದಲ್ಲಿ ಅತಿ ಹೆಚ್ಚು ದೂರು ಹೊತ್ತಿದ್ದ ನಾಯಕಿ. ಆ ತೀರ್ಪನ್ನು ಸುಪ್ರೀಂ ಕೋರ್ಟ್ ಆಮೇಲೆ ತಳ್ಳಿಹಾಕಿತ್ತು, ಅದೂ ಕಾನೂನನ್ನೇ ತಿದ್ದಿದ ಮೇಲೆ. ವೀರೇಂದ್ರ ಪಾಟೀಲರ ಎದುರು 77 ಸಾವಿರಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಡಿಸೆಂಬರ್‌ನಲ್ಲಿ ಲೋಕಸಭೆ ಹಕ್ಕುಚ್ಯುತಿಯ ಹೆಸರಲ್ಲಿ ಅವರನ್ನು ಹೊರಹಾಕಿ ತಿಹಾರ್ ಜೈಲಿಗೆ ಕಳಿಸಿತು. "ನಾವ್ ಹಾಕಿದ್ ಓಟನ್ನ ತೆಗೆಯಕ್ಕೆ ಅವರ‍್ಯಾರು" ಎಂದು ಅಜ್ಜಿ ಕೊನೆಯವರೆಗೂ ಹೇಳುತ್ತಿದ್ದರು. ಇಂದಿರಾ ಅವರ ಬಗ್ಗೆ ನನ್ನ ಅಭಿಪ್ರಾಯ ಅಜ್ಜಿಯದಕ್ಕಿಂತ ತೀರಾ ಬೇರೆ. ಆದರೂ ಆ ಪ್ರಶ್ನೆ ಸರಿಯಾದದ್ದು. ಹೊರಹಾಕುವುದಾದರೆ ಚಿಕ್ಕಮಗಳೂರಿನವರನ್ನು ಕೇಳಿ ಹೊರಹಾಕಬೇಕಿತ್ತು. 1981ರಲ್ಲಿ ಬಹುಮತ ಬದಲಾದ ಮೇಲೆ ಮುಂದಿನ ಲೋಕಸಭೆ ಆ ನಿರ್ಣಯವನ್ನು ರದ್ದು ಮಾಡಿತು.

ಹಾಸನದ ವಿಷಯ ಬರೆಯಲು ಕೈ ಭಾರವಾಗುತ್ತದೆ. 2019ರಲ್ಲಿ ಗೆದ್ದ ಪ್ರಜ್ವಲ್ ರೇವಣ್ಣ ಅವರ ಆಯ್ಕೆಯನ್ನು ಪ್ರಮಾಣಪತ್ರದಲ್ಲಿ ಆಸ್ತಿ ಮುಚ್ಚಿಟ್ಟ ಕಾರಣಕ್ಕೆ ಹೈಕೋರ್ಟ್ ಅಸಿಂಧು ಎಂದದ್ದು 2023ರ ಸೆಪ್ಟೆಂಬರ್ 1ರಂದು. ಐದು ವರ್ಷದ ಅವಧಿಯಲ್ಲಿ ನಾಲ್ಕು ವರ್ಷ ಆಗಲೇ ಕಳೆದಿತ್ತು. ಅದೇ ತಿಂಗಳು ಸುಪ್ರೀಂ ಕೋರ್ಟ್ ತಡೆ ಕೊಟ್ಟಿತು. 2024ರಲ್ಲಿ ಮತ್ತೆ ಟಿಕೆಟ್ ಸಿಕ್ಕಿತು. ಏಪ್ರಿಲ್ 26ರ ಮತದಾನಕ್ಕೆ ಕೆಲವೇ ದಿನ ಮೊದಲು, ಅವರು ಹೆಣ್ಣುಮಕ್ಕಳ ಮೇಲೆ ನಡೆಸಿದರೆನ್ನಲಾದ ಲೈಂಗಿಕ ದೌರ್ಜನ್ಯದ ವಿಡಿಯೊಗಳಿದ್ದ ಪೆನ್‌ಡ್ರೈವ್‌ಗಳು ಊರೂರಿನ ರಸ್ತೆಗೆ ಬಿದ್ದವು. ಆ ವಾರ ಅಮ್ಮ ಫೋನಿನಲ್ಲಿ ಮಾತೇ ಆಡುತ್ತಿರಲಿಲ್ಲ, ನಾನು ಕೇಳಿದರೆ "ಬ್ಯಾಡ ಬುಡು" ಎನ್ನುತ್ತಿದ್ದರು. ಇಂಗ್ಲಿಷ್ ಪತ್ರಿಕೆಗಳಲ್ಲಿ ಹಾಸನದ ಹೆಸರು ನೋಡಿ ನನ್ನ ವಾರ್ಡಿನ ಸಹೋದ್ಯೋಗಿಗಳು ಇದೇ ನಿಮ್ಮ ಊರಾ ಎಂದು ಕೇಳಿದರು. ಹೌದು ಎಂದೆ. ಬೇಲೂರಿನ ದೇವಸ್ಥಾನದ ಫೋಟೊ ತೋರಿಸಿ ಹೆಮ್ಮೆ ಪಟ್ಟುಕೊಂಡಿದ್ದ ಜನಕ್ಕೇ ಅದನ್ನು ಹೇಳಬೇಕಾಗಿ ಬಂತು.

ಆ ಕಾಲದಲ್ಲಿ ನನ್ನ ಸಿಟ್ಟು ಎಷ್ಟಿತ್ತೆಂದರೆ, ಒಂದು ಸಲ ಶಿಕ್ಷೆಯಾದವರನ್ನು ಜೀವಮಾನವಿಡೀ ದೂರ ಇಡಬೇಕು ಎನ್ನುವವರ ಜೊತೆ ನಿಲ್ಲುವಷ್ಟು. ಸುಪ್ರೀಂ ಕೋರ್ಟಿನಲ್ಲಿ ಅಂಥ ಅರ್ಜಿ ಇದೆ, ಆರು ವರ್ಷ ಸಾಕು ಎಂದು ಕೇಂದ್ರ ಸರ್ಕಾರ 2025ರಲ್ಲಿ ಅದನ್ನು ವಿರೋಧಿಸಿದೆ. ಆದರೆ ಮಲೆನಾಡಿನಲ್ಲಿ ಬೆಳೆದವಳಿಗೆ ಆ ಮಾತು ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಸಕಲೇಶಪುರ, ಮೂಡಿಗೆರೆ, ಕೊಪ್ಪದ ಕಡೆ ಅರಣ್ಯ ಇಲಾಖೆಯ ಕೇಸಿಲ್ಲದ ಬಡವರ ಮನೆ ಹುಡುಕುವುದೇ ಕಷ್ಟ. ಒತ್ತುವರಿ, ಮರ ಕಡಿದದ್ದು, ರೈತ ಸಂಘದವರ ಜೊತೆ ರಸ್ತೆಯಲ್ಲಿ ಕೂತದ್ದು, ಎಲ್ಲಕ್ಕೂ ಕೇಸೇ. ಜೀವಮಾನದ ನಿಷೇಧ ಬಂದರೆ ಒಳ್ಳೆಯ ವಕೀಲರಿಲ್ಲದ ಇವರೇ ಮೊದಲು ಸಿಕ್ಕಿಬೀಳುತ್ತಾರೆ. ಇಂಗ್ಲೆಂಡಿನಲ್ಲೇ ಅದಕ್ಕೆ ಉದಾಹರಣೆ ಇದೆ. ಇಲ್ಲಿ ಪೊಲೀಸರ ಮೇಲ್ವಿಚಾರಣೆ ನೋಡುವ ಕಮಿಷನರ್ ಹುದ್ದೆಗೂ ಚುನಾವಣೆ ನಡೆಯುತ್ತದೆ, ಜೈಲು ಶಿಕ್ಷೆಗೆ ಅವಕಾಶವಿರುವ ಯಾವುದೇ ಅಪರಾಧ ಎಂದೋ ಸಾಬೀತಾಗಿದ್ದರೂ ಅದಕ್ಕೆ ನಿಲ್ಲುವಂತಿಲ್ಲ. 2021ರಲ್ಲಿ ವಿಲ್ಟ್‌ಶೈರ್‌ನಲ್ಲಿ ಗೆದ್ದ ಅಭ್ಯರ್ಥಿ ದಶಕಗಳ ಹಿಂದೆ ಕುಡಿದು ಕಾರು ಓಡಿಸಿದ್ದ ಪ್ರಕರಣದಿಂದಾಗಿ ಅಧಿಕಾರ ವಹಿಸಿಕೊಳ್ಳಲಾಗದೆ, ಇಡೀ ಜಿಲ್ಲೆಗೆ ಮತ್ತೊಂದು ಚುನಾವಣೆ ಮಾಡಬೇಕಾಯಿತು. ಶಿಕ್ಷೆ ಅನುಭವಿಸಿ ಬಂದವರಿಗೆ ನಿಲ್ಲುವ ಹಕ್ಕಿರಲಿ ಎಂದೇ ನಾನು ಹೇಳುವುದು. ನನ್ನ ತಕರಾರು ಮತದಾರನ ಬಾಯಿಗೆ ಐದು ವರ್ಷ ಬೀಗ ಹಾಕಿರುವುದರ ಬಗ್ಗೆ.

ಇಲ್ಲಿಯವರೆಗೆ ಬರೆದು, ಹಾಸನದವರ ಪರವಾಗಿ ಹೇಳಬೇಕಾದ್ದನ್ನು ಹೇಳದೆ ಬಿಡಲಾಗುವುದಿಲ್ಲ. ಆ ಚುನಾವಣೆಯಲ್ಲಿ ಪ್ರಜ್ವಲ್ 42 ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. 25 ವರ್ಷಗಳ ನಂತರ ಕಾಂಗ್ರೆಸ್ ಹಾಸನದಲ್ಲಿ ಗೆದ್ದಿತು. ಆರು ಲಕ್ಷಕ್ಕೂ ಹೆಚ್ಚು ಮತ ಪ್ರಜ್ವಲ್ ಅವರಿಗೆ ಬಿದ್ದದ್ದು ನಿಜ, ಆದರೆ ಪೂರ್ತಿ ಸುದ್ದಿ ಹೊರಬರುವ ಮೊದಲೇ ಬಹಳ ಜನ ಗುಂಡಿ ಒತ್ತಿ ಬಂದಿದ್ದರು. ನಮ್ಮ ನ್ಯಾಯಾಲಯಗಳು ನಿಧಾನ ಎಂದೆನಲ್ಲ, ಮನೆಗೆಲಸ ಮಾಡುತ್ತಿದ್ದ ಹೆಣ್ಣುಮಗಳೊಬ್ಬರು ಎದೆಗುಂದದೆ ಸಾಕ್ಷಿ ಹೇಳಿದ ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಪ್ರಜ್ವಲ್ ಅವರಿಗೆ ಜೀವಾವಧಿ ಶಿಕ್ಷೆ ವಿಧಿಸಿತು. ದೂರಿನಿಂದ ಶಿಕ್ಷೆಯವರೆಗೆ ಒಂದೂವರೆ ವರ್ಷವೂ ಆಗಲಿಲ್ಲ. ಅವರು ಮೇಲ್ಮನವಿ ಹೋಗಿದ್ದಾರೆ. ಒನಸಾನ್ಯಾ ಅವರ ವೇಗದ ಪ್ರಕರಣಕ್ಕೆ ಓಲ್ಡ್ ಬೇಲಿ ತೆಗೆದುಕೊಂಡ ಕಾಲವೂ ಹೆಚ್ಚುಕಡಿಮೆ ಅಷ್ಟೇ. ಅಷ್ಟು ದೊಡ್ಡ ಮನೆತನದ ಎದುರು ಆ ಹೆಣ್ಣುಮಗಳು ನಿಂತದ್ದನ್ನು ನೆನೆದರೆ, ನಮ್ಮ ಜಿಲ್ಲೆಯ ಬಗ್ಗೆ ಬೀಗರೂಟದ ನಗುವೊಂದನ್ನೇ ಹಿಡಿದು ಮಾತಾಡುವುದು ನ್ಯಾಯವಲ್ಲ.

ಮಾವ ಇನ್ನೊಂದು ಮಾತು ಹೇಳಿದ್ದರು. "ತಾಲ್ಲೂಕು ಆಫೀಸಿಗೆ ಹೋಗಿ ಸೈನ್ ಹಾಕು ಅಂತೀಯ. ಯಾರ‍್ಯಾರು ಹೋದ್ರು ಅಂತ ಸಂಜೆ ಹೊತ್ಗೆ ಗೊತ್ತಾಗೋಗ್ತದೆ. ನಾಳಿಕೆ ಪಂಪ್‌ಸೆಟ್ ಲೈನ್ ಕೇಳಕ್ಕೆ ಯಾರ್ ಹತ್ರ ಹೋಗ್ಲಿ?" ಇದಕ್ಕೆ ನನ್ನ ಬಳಿ ಅವತ್ತು ಉತ್ತರವಿರಲಿಲ್ಲ. ಇಲ್ಲಿನ ಕ್ರಮದ ನಿಜವಾದ ದೋಷ ಅದೇ. ಸಹಿಯ ಜಾಗಕ್ಕೆ ಹೋದೆ ಎಂದರೆ ವಿರುದ್ಧ ಹೋದೆ ಎಂದೇ ಅರ್ಥ, ಗುಟ್ಟು ಉಳಿಯುವುದಿಲ್ಲ. 2018ರಲ್ಲಿ ಉತ್ತರ ಐರ್ಲೆಂಡಿನ ಒಂದು ಕ್ಷೇತ್ರದಲ್ಲಿ, ಸದನದಿಂದ ಅಮಾನತಾದ ಸಂಸದರೊಬ್ಬರ ವಿರುದ್ಧ ಬರೀ ಮೂರು ಜಾಗಗಳಲ್ಲಿ ಸಹಿ ಪಡೆದರು. ಶೇ 10 ಬೇಕಿತ್ತು, ಶೇ 9.4 ಬಂತು, ಅವರು ಉಳಿದುಕೊಂಡರು. ಹೊಳೆನರಸೀಪುರದಲ್ಲೋ ಆಲೂರಿನಲ್ಲೋ ಇದನ್ನು ಹೀಗೇ ತಂದರೆ ಕೂಲಿಯವರು, ಸಾಲ ಇರುವವರು ಆ ಬಾಗಿಲ ಹತ್ತಿರವೂ ಸುಳಿಯುವುದಿಲ್ಲ. ದುಡ್ಡಿದ್ದ ಎದುರಾಳಿ ಮನೆಗೆ ಇಷ್ಟೆಂದು ಹಂಚಿ ಸಹಿ ಹಾಕಿಸುವುದೂ ಆಗುತ್ತದೆ.

ಅದಕ್ಕೇ ಸಹಿ ಬೇಡ, ಮತದಾನವೇ ಬೇಕು. ನ್ಯಾಯಾಲಯ ಶಿಕ್ಷೆ ಕೊಟ್ಟಿದ್ದರೆ ಮಾತ್ರ, ಅದೂ ಮೊದಲ ಮೇಲ್ಮನವಿ ತೀರ್ಮಾನವಾದ ಮೇಲೆ; ಆ ಮೇಲ್ಮನವಿ ಆರು ತಿಂಗಳೊಳಗೆ ಮುಗಿಯಬೇಕೆಂದು ಕಾನೂನಿನಲ್ಲೇ ಬರೆದಿರಲಿ. ಎಂದಿನ ಶಾಲೆಯ ಮತಗಟ್ಟೆಯಲ್ಲಿ, ಎಂದಿನ ಯಂತ್ರದಲ್ಲಿ, ಇರಲಿ ಮತ್ತು ಬೇಡ ಎಂಬ ಎರಡೇ ಗುಂಡಿ. ಇರಲಿ ಎನ್ನುವವರೂ ಅದೇ ಸಾಲಿನಲ್ಲಿ ನಿಂತಿರುವುದರಿಂದ ಮಾವನ ಪಂಪ್‌ಸೆಟ್‌ಗೆ ತೊಂದರೆಯಿಲ್ಲ. ಎರಡು ವರ್ಷಕ್ಕಿಂತ ಕಡಿಮೆ ಶಿಕ್ಷೆಯಾದವರಿಗೂ ಇದು ಅನ್ವಯಿಸಲಿ, ಈಗ ತಪ್ಪಿಸಿಕೊಳ್ಳುತ್ತಿರುವವರು ಅವರೇ. ಇದಕ್ಕೆಲ್ಲ ಖರ್ಚು ಯಾರು ಕೊಡುತ್ತಾರೆ ಎಂದು ಅಮ್ಮ ಕೇಳಿದರು. ಕೇಸುಗಳಿರುವ ಅಭ್ಯರ್ಥಿಯನ್ನು ಯಾಕೆ ಆರಿಸಿದಿರಿ ಎಂದು ಪಕ್ಷಗಳು ಕಾರಣ ಪ್ರಕಟಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆ. ಆ ಕಾರಣಕ್ಕೆ ಸಹಿ ಹಾಕಿದ ಪಕ್ಷದಿಂದಲೇ ಮರುಮತದಾನದ ಖರ್ಚನ್ನೂ ವಸೂಲು ಮಾಡಬೇಕು.