ಕಡಲಿಗೂ ಒಬ್ಬ ನೀರುಗಂಟಿ ಬೇಕು

ಹೋದ ಬೇಸಿಗೆಯಲ್ಲಿ ಊರಿಗೆ ಹೋಗಿದ್ದೆ. ಊರು ಅಂದರೆ ಮಳವಳ್ಳಿ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗ. ಜಗಲಿ ಮೇಲೆ ಕೂತು ದೊಡ್ಡಪ್ಪನಿಗೆ ಮೊಬೈಲಿನಲ್ಲಿ ಒಂದು ಫೋಟೊ ತೋರಿಸಿದೆ. ಪುದುಚೇರಿಯ ಬಡಗಣ ಕಡೆ ಇರುವ ಒಂದು ಮೀನುಗಾರರ ಕೇರಿಯದು. ಮನೆ ಅರ್ಧ ಇದೆ, ಅರ್ಧ ಇಲ್ಲ. ಅಡುಗೆಮನೆ ಗೋಡೆಯಲ್ಲಿ ಉಪ್ಪು, ಖಾರದಪುಡಿ ಡಬ್ಬಿ ಇಡುವ ಗೂಡು ಹಾಗೇ ಇದೆ. ಒಲೆ ಇರಬೇಕಾದ ಕಡೆ ನೆಲವೇ ಇಲ್ಲ, ಕೆಳಗೆ ನೀರು.

ದೊಡ್ಡಪ್ಪ ಕನ್ನಡಕ ಸರಿಮಾಡಿಕೊಂಡು ನೋಡಿದರು. "ಸಮುದ್ರ ಎಲ್ಲೈತೆ, ಮಂಡ್ಯ ಎಲ್ಲೈತೆ, ಬುಡ್ಲಾ ಅತ್ಲಗೆ" ಅಂದರು. ಆಮೇಲೆ, ಪಾಪ ಅನ್ನಿಸಿತೋ ಏನೋ, "ಮಳೆ ಜಾಸ್ತಿ ಆಗಿತ್ತಾ?" ಅಂತ ಕೇಳಿದರು.

ಮಳೆ ಅಲ್ಲ ದೊಡ್ಡಪ್ಪ, ಮರಳು ಬರಲಿಲ್ಲ ಅಂದೆ.

ಹದಿನೆಂಟು ವರ್ಷದಿಂದ ಪುದುಚೇರಿಯಲ್ಲಿದ್ದೇನೆ. ಅಲ್ಲಿಗೆ ಹೋದ ಹೊಸದರಲ್ಲಿ ನಾನೂ ಹೀಗೇ ಅಂದುಕೊಂಡಿದ್ದೆ: ಅಲೆ ಜೋರಾದರೆ ದಡ ಕೊರೆಯುತ್ತದೆ, ಅಷ್ಟೇ. ಬೀಚ್ ರೋಡಿನಲ್ಲಿ ಗಾಂಧಿ ಪ್ರತಿಮೆ ಇದೆ, ಉದ್ದಕ್ಕೆ ವಾಕಿಂಗ್ ರಸ್ತೆ ಇದೆ, ಬೀಚ್ ಮಾತ್ರ ಇಲ್ಲ! ರಸ್ತೆ ಮುಗಿದ ಕೂಡಲೇ ಕರಿ ಬಂಡೆಗಳು, ಬಂಡೆಗೆ ಅಪ್ಪಳಿಸುವ ನೀರು. ಮೊದಲು ಇಲ್ಲಿ ಮರಳಿತ್ತು, ನಾವು ಕಬಡ್ಡಿ ಆಡ್ತಿದ್ವಿ ಅಂತ ನಮ್ಮ ಮನೆ ಓನರ್ ಹೇಳುತ್ತಿದ್ದರು. ನಾನು ನಂಬಿರಲಿಲ್ಲ.

ಆ ಕರಾವಳಿಯಲ್ಲಿ ಮರಳು ಒಂದು ಕಡೆ ನಿಲ್ಲುವುದಿಲ್ಲ. ಅಲೆ ದಡಕ್ಕೆ ಓರೆಯಾಗಿ ಬಡಿಯುತ್ತದಲ್ಲ, ಹಾಗೆ ಬಡಿದಾಗಲೆಲ್ಲ ಮರಳು ಒಂದಿಷ್ಟು ಪಕ್ಕಕ್ಕೆ ಸರಿಯುತ್ತದೆ. ವರ್ಷದ ಜಾಸ್ತಿ ತಿಂಗಳು ತೆಂಕಣದಿಂದ ಬಡಗಣಕ್ಕೆ. ಹಿಂಗಾರಿನ ಎರಡು ಮೂರು ತಿಂಗಳು ಮಾತ್ರ ಉಲ್ಟಾ. ಕೂಡಿ ಕಳೆದರೆ ಬಡಗಣಕ್ಕೇ ಹೋಗುವುದು ಹೆಚ್ಚು. ಅಂದರೆ ದಡದ ಉದ್ದಕ್ಕೂ ಕಣ್ಣಿಗೆ ಕಾಣದ ಒಂದು ನಾಲೆ ಹರಿಯುತ್ತಿದೆ. ನೀರಿನದ್ದಲ್ಲ, ಮರಳಿನದ್ದು. 1980ರ ದಶಕದ ಕೊನೆಯಲ್ಲಿ ಪುದುಚೇರಿಯ ತೆಂಕಣಕ್ಕೆ, ಅರಿಯಾಂಕುಪ್ಪಂ ಹೊಳೆ ಕಡಲು ಸೇರುವ ಜಾಗದಲ್ಲಿ, ಬಂದರಿಗೆ ಅಂತ ಕಲ್ಲಿನ ಎರಡು ಗೋಡೆಗಳನ್ನು ಕಡಲೊಳಕ್ಕೆ ಕಟ್ಟಿದರು. ಆ ನಾಲೆಗೆ ಅಡ್ಡ ಬಿತ್ತು. ತೆಂಕಣ ಮಗ್ಗುಲಲ್ಲಿ ಮರಳು ಪೇರಿಕೊಂಡಿತು. ಬಡಗಣದಲ್ಲಿ ಅಲೆ ಇದ್ದ ಮರಳನ್ನು ಒಯ್ಯುತ್ತಲೇ ಇತ್ತು, ಹೊಸದು ಬರಲಿಲ್ಲ.

ಇಷ್ಟು ಹೇಳಿದ್ದೇ ತಡ, ದೊಡ್ಡಪ್ಪ ಕಾಲು ಮಡಚಿ ಕೂತರು. "ಅಂದ್ರೆ ಮ್ಯಾಲ್ನೋರು ಅಡ್ಡ ಕಟ್ಟವ್ರೆ ಅನ್ನು."

ಕೊನೆ ಭಾಗದ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಟ್ಟೆಯಿಂದ ನಾಲೆಗೆ ನೀರು ಬಿಟ್ಟರು ಅಂತ ಪೇಪರಿನಲ್ಲಿ ಬರುತ್ತದೆ, ನಮ್ಮ ಗದ್ದೆಗೆ ಬರುವುದು ಹತ್ತು ದಿನ ಆದ ಮೇಲೆ. ಮೇಲಿನವರು ತೂಬಿಗೆ ಗೋಣಿಚೀಲ ತುರುಕಿ ತಮ್ಮ ಕಡೆ ತಿರುಗಿಸಿಕೊಂಡಿರುತ್ತಾರೆ. ರಾತ್ರಿ ಟಾರ್ಚು, ಗುದ್ದಲಿ ಹಿಡಿದು ಹೋಗಿ ಅದನ್ನು ಕಿತ್ತು ಬರುವುದು, ಬೆಳಿಗ್ಗೆ ಅವರು ಮತ್ತೆ ತುರುಕುವುದು, ನಡುವೆ ಬೈಗುಳ. ನಾನು ಇದನ್ನೆಲ್ಲ ನೋಡಿಕೊಂಡೇ ಬೆಳೆದವನು. ಪುದುಚೇರಿಯ ಸೆಮಿನಾರುಗಳಲ್ಲಿ ಇಂಜಿನಿಯರುಗಳು ಸ್ಲೈಡ್ ಹಾಕಿ ಅರ್ಧ ಗಂಟೆ ವಿವರಿಸುವುದು ನನ್ನ ದೊಡ್ಡಪ್ಪನಿಗೆ ಒಂದೇ ಮಾತಿನಲ್ಲಿ ಹೊಳೆಯಿತು.

ಕಡಲ ಕಡೆ ನಡೆಯುವುದೂ ಇದೇ ಜಗಳ. ಒಂದು ಊರಿಗೆ ಕಡಲ್ಕೊರೆತ ಶುರುವಾಗುತ್ತದೆ. ಜನ ರಸ್ತೆ ತಡೆ ಮಾಡುತ್ತಾರೆ. ಲಾರಿಗಟ್ಟಲೆ ಬಂಡೆ ಬಂದು ಬೀಳುತ್ತದೆ, ಇಲ್ಲವೇ ಕಡಲೊಳಕ್ಕೆ ಅಡ್ಡಗೋಡೆ ಕಟ್ಟುತ್ತಾರೆ. ಆ ಗೋಡೆ ಒಂದಿಷ್ಟು ಮರಳು ಹಿಡಿದುಕೊಳ್ಳುತ್ತದೆ, ಆ ಊರು ಉಸಿರಾಡುತ್ತದೆ. ಅದರ ಬಡಗಣಕ್ಕಿರುವ ಊರು ಕೊರೆಯತೊಡಗುತ್ತದೆ. ಈಗ ಅವರ ಸರದಿ, ಅವರಿಗೂ ಗೋಡೆ. ಪುದುಚೇರಿ ಗಡಿ ದಾಟಿ ತಮಿಳುನಾಡಿನ ಕೊಟ್ಟಕುಪ್ಪಂ, ಬೊಮ್ಮಯಾರ್‌ಪಾಳ್ಯಂ ತನಕ ಹೀಗೆ ಕೊರೆತ ಊರಿಂದ ಊರಿಗೆ ದಾಟಿಕೊಂಡು ಹೋಗಿದೆ. ನಾನು ತೋರಿಸಿದ ಫೋಟೊ ಆ ಸಾಲಿನ ಒಂದು ಕೇರಿಯದು. ಮದರಾಸಿನಲ್ಲೂ ಇದೇ ಕತೆ, ಇನ್ನೂ ಹಳೆಯದು. 1870ರ ದಶಕದಲ್ಲಿ ಬಂದರು ಕಟ್ಟಲು ಶುರು ಮಾಡಿದ ಮೇಲೆ ತೆಂಕಣಕ್ಕೆ ಮರಳು ಸೇರಿ ಸೇರಿ ಮರೀನಾ ಬೀಚ್ ಅಷ್ಟು ಅಗಲವಾಯಿತು. ಬಡಗಣದ ರಾಯಪುರಂ ಕಡೆ ಕಡಲು ಬೀದಿಗಳನ್ನೇ ತಿಂದಿತು. ಮರೀನಾದಲ್ಲಿ ಸುಂಡಲ್ ತಿನ್ನುತ್ತಾ ಆಹಾ ಎಷ್ಟು ದೊಡ್ಡ ಬೀಚ್ ಅಂತೀವಲ್ಲ, ಅದರಲ್ಲಿ ರಾಯಪುರಂನ ಪಾಲೂ ಇದೆ.

ಬಂಡೆ ಸುರಿಯುವುದನ್ನು ನಾನು ಪೂರ್ತಿ ಬೈಯುವುದಿಲ್ಲ. ಮನೆ ಬೀಳುತ್ತಿರುವಾಗ ಸಂಶೋಧನೆ ಮಾಡೋಣ ಇರಿ ಅನ್ನಲಾಗುವುದಿಲ್ಲ. ಆದರೆ ಗೋಡೆಗೆ ಬಡಿದ ಅಲೆ ಜೋರಾಗಿ ವಾಪಸ್ ಹೋಗುವಾಗ ಗೋಡೆಯ ಬುಡದ ಮರಳನ್ನೂ ಎಳೆದೊಯ್ಯುತ್ತದೆ. ಬುಡ ಟೊಳ್ಳಾದರೆ ಬಂಡೆ ಕುಸಿಯುತ್ತದೆ, ಮತ್ತೆ ಬಂಡೆ, ಮತ್ತೆ ಬಿಲ್ಲು. ಕಲ್ಲು ಎಲ್ಲರ ಕಣ್ಣಿಗೂ ಕಾಣುತ್ತದೆ, ಲೆಕ್ಕಕ್ಕೂ ಸಿಗುತ್ತದೆ. ಮರಳು ಹಾಕಿದರೆ ಕಡಲಿಗೆ ದುಡ್ಡು ಸುರಿದರು ಅಂತ ಜನ ನಗುತ್ತಾರೆ.

ಪುದುಚೇರಿ ಆಮೇಲೆ ಬೇರೆ ದಾರಿ ಹಿಡಿಯಿತು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯವರು 2018ರಲ್ಲಿ ಉಕ್ಕಿನಲ್ಲಿ ಮಾಡಿದ ಬೆಣೆಯಾಕಾರದ ದೊಡ್ಡ ದಿಬ್ಬವೊಂದನ್ನು ಬೀಚ್ ರೋಡಿನ ಎದುರು ನೀರೊಳಗೆ ಮುಳುಗಿಸಿದರು. ಅಲೆ ದಡಕ್ಕೆ ಬರುವ ಮೊದಲೇ ಅದರ ಮೇಲೆ ಮುರಿದು ಸುಸ್ತಾಗುತ್ತದೆ, ತಂದ ಮರಳನ್ನು ಬಿಟ್ಟುಹೋಗುತ್ತದೆ. ಜೊತೆಗೆ ಬಂದರಿನ ಬಾಯಿಯಲ್ಲಿ ತುಂಬಿದ ಮರಳನ್ನು ತೆಗೆದು ತಂದು ಹಾಕಿದರು. ನಿಜವಾಗಲೂ ಬೀಚ್ ಬಂತು! ಮೊದಲ ಸಲ ಚಪ್ಪಲಿ ಕೈಯಲ್ಲಿ ಹಿಡಿದು ಅಲ್ಲಿ ನಡೆದಾಗ ಮನೆ ಓನರಿಗೆ ಫೋನ್ ಮಾಡಿದೆ. "ಕಬಡ್ಡಿ ಆಡೋಕೆ ಸಾಕಾ?" ಅಂತ ಕೇಳಿದರು. ಅಷ್ಟಿರಲಿಲ್ಲ.

ಆದರೂ ಇದು ಪಟ್ಟಣದ ಮುಂದಿನ ಚೂರು ಜಾಗದ ಮಾತು. ಬಡಗಣದ ಕುಪ್ಪಗಳಿಗೆ, ಅಂದರೆ ಮೀನುಗಾರರ ಕೇರಿಗಳಿಗೆ, ಈಗಲೂ ಬಂಡೆಯೇ ಗತಿ. ನನ್ನ ಪ್ರಕಾರ ಅಲ್ಲಿ ಬೇಕಾಗಿರುವುದು ಇಂಥ ಇನ್ನೊಂದು ಉಕ್ಕಿನ ದಿಬ್ಬಕ್ಕಿಂತ ಮೊದಲು ಒಬ್ಬ ನೀರುಗಂಟಿ. ನಮ್ಮ ಕೆರೆಗಳಿಗೆ ಇದ್ದನಲ್ಲ, ಯಾರ ಗದ್ದೆಗೆ ಎಷ್ಟು ಹೊತ್ತು ಅಂತ ತೂಬು ಎತ್ತಿ ಇಳಿಸುತ್ತಿದ್ದವನು. ಅವನಿಗೆ ಸ್ವಂತ ಗದ್ದೆಯ ಚಿಂತೆಗಿಂತ ಕೊನೆ ಮಡಿಗೆ ನೀರು ಮುಟ್ಟಿತಾ ಅನ್ನುವುದೇ ಕೆಲಸ. ಆಸ್ಟ್ರೇಲಿಯಾದಲ್ಲಿ ಟ್ವೀಡ್ ನದಿಯ ಬಾಯಲ್ಲಿ 2001ರಿಂದ ಹೀಗೇ ಮಾಡುತ್ತಿದ್ದಾರೆ. ಗೋಡೆಯ ಒಂದು ಮಗ್ಗುಲಲ್ಲಿ ಸೇರುವ ಮರಳನ್ನು ಪಂಪಿನಲ್ಲಿ ಎಳೆದು, ಪೈಪಿನಲ್ಲಿ ನದಿ ದಾಟಿಸಿ, ಆಚೆ ಬಿಡುತ್ತಾರೆ. ಒಂದು ಸಲ ಮಾಡಿ ಕೈತೊಳೆದುಕೊಳ್ಳುವ ಕೆಲಸ ಅಲ್ಲ, ವರ್ಷ ವರ್ಷವೂ ಮಾಡಬೇಕು. ನಮ್ಮಲ್ಲಿ ಕಷ್ಟ ಇರುವುದೇ ಅಲ್ಲಿ. ಕಟ್ಟುವುದಕ್ಕೆ ಉದ್ಘಾಟನೆ ಇದೆ, ಹೂಳೆತ್ತುವುದಕ್ಕೆ ಇಲ್ಲ. ಹಾಲೆಂಡಿನವರು 2011ರಲ್ಲಿ ಹೇಗ್ ಪಟ್ಟಣದ ಹತ್ತಿರ ಸುಮಾರು 2.15 ಕೋಟಿ ಘನ ಮೀಟರ್ ಮರಳನ್ನು ಒಂದೇ ಕಡೆ ಸುರಿದು, ಇನ್ನು ಗಾಳಿ ಅಲೆಗಳೇ ಹಂಚಿಕೊಳ್ಳಲಿ ಅಂತ ಬಿಟ್ಟರು. ಅವರ ದುಡ್ಡು ಅವರದು, ಬಿಡಿ.

ನಮ್ಮ ರಾಜ್ಯದ್ದೂ ಇದೆಯಲ್ಲ ಅಂತ ನೀವು ಕೇಳಬಹುದು. ಉಳ್ಳಾಲ, ಮರವಂತೆ. ಜೂನ್ ಬಂತೆಂದರೆ ಅದೇ ತೆಂಗಿನಮರ ಬೀಳುವ ವಿಡಿಯೊ, ಅದೇ ಬಂಡೆ ಲಾರಿ. ಮೈಸೂರಿನಲ್ಲಿ ಅದನ್ನು ನೋಡಿ ಅಯ್ಯೋ ಅಂದು ಚಾನೆಲ್ ಬದಲಿಸುತ್ತೇವೆ.

ದೊಡ್ಡಪ್ಪನ ಮುಂದಿನ ಪ್ರಶ್ನೆಗೆ ನಾನು ತಯಾರಿರಲಿಲ್ಲ. "ಈ ಮರಳು ಮೊದಲು ಎಲ್ಲಿಂದ ಬತ್ತದ್ಲಾ?"

ಹೊಳೆಗಳಿಂದ. ಪುದುಚೇರಿಯ ತೆಂಕಣಕ್ಕೆ ಕಡಲೂರಿನ ಹತ್ತಿರ ಸಮುದ್ರ ಸೇರುವ ಪೆನ್ನೈಯಾರು ಬೇರೆ ಯಾವುದೂ ಅಲ್ಲ, ನಂದಿಬೆಟ್ಟದ ಕಡೆ ಹುಟ್ಟುವ ನಮ್ಮ ದಕ್ಷಿಣ ಪಿನಾಕಿನಿ. ಇನ್ನೂ ತೆಂಕಣಕ್ಕೆ ಹೋದರೆ ಕಾವೇರಿ. ತರಂಗಂಬಾಡಿಯಲ್ಲಿ ದಡದ ಮೇಲೊಂದು ಹಳೇ ಶಿವನ ಗುಡಿ ಇದೆ, ಅದರ ಮುಂಭಾಗವನ್ನು ಕಡಲು ನುಂಗಿದೆ. ಉಳಿದದ್ದರ ಸುತ್ತ ಬಂಡೆ ಹಾಕಿದ್ದಾರೆ. ಅಲ್ಲಿ ನಿಂತಾಗ ನನಗೆ ತಲಕಾಡು ನೆನಪಾಗಿತ್ತು. ಅಲ್ಲಿ ಗುಡಿಗಳನ್ನು ಮರಳಿನಿಂದ ಅಗೆದು ತೆಗೆಯಬೇಕು, ಇಲ್ಲಿ ಗುಡಿಯ ಕಾಲಡಿಗೆ ಮರಳಿಲ್ಲ. ಎರಡೂ ಒಂದೇ ಹೊಳೆಯ ದಾರಿ. ಅಲಮೇಲಮ್ಮನ ಶಾಪ ತಲಕಾಡಿಗಷ್ಟೇ ಸಾಕಾಯಿತೇನೋ.

ಆ ಹೊಳೆಗಳ ಮರಳನ್ನು ನಾವು ದಾರಿಯಲ್ಲೇ ಎತ್ತಿಬಿಡುತ್ತೇವಲ್ಲ ದೊಡ್ಡಪ್ಪ ಅಂದೆ.

"ಮೆಟ್ಟೂರು ಕಟ್ಟೆ ಐತಲ್ಲ, ನಮ್ಮ ಮಳ್ಳು ಅಲ್ಲೇ ನಿಂತ್ಕತದೆ. ನಾವೆತ್ತುದ್ರೆ ಅವರಿಗೇನ್ಲಾ ಲುಕ್ಸಾನು?" ದೊಡ್ಡಪ್ಪನ ಮಾತಿನಲ್ಲಿ ಹುರುಳಿದೆ. 1934ರಿಂದ ಮೆಟ್ಟೂರು ತಡೆದಿದೆ, ಅದಕ್ಕೂ ಮೊದಲೇ ನಮ್ಮ ಕನ್ನಂಬಾಡಿ. ಮೆಟ್ಟೂರಿನ ಕೆಳಗೆ ಕೊಳ್ಳಿಡಂನಲ್ಲಿ ತಮಿಳುನಾಡಿನವರೂ ಬಾಚಿದ್ದಾರೆ. ನೀರಿಗಾದರೆ ಟ್ರಿಬ್ಯುನಲ್ ಇದೆ, ಟಿಎಂಸಿ ಲೆಕ್ಕ ಇದೆ, ಮಂಡ್ಯದಲ್ಲಿ ಹೆದ್ದಾರಿ ಬಂದ್ ಇದೆ. ಅದೇ ಹೊಳೆಯ ಮರಳಿಗೆ ಎರಡೂ ಕಡೆ ಕೇಳುವವರಿಲ್ಲ.

ಹೇಳಿದ್ದೆಲ್ಲ ಸರಿ. ಮಾರನೇ ದಿನ ತಮ್ಮನ ಹೊಸ ಮನೆ ನೋಡಲು ಮಂಡ್ಯಕ್ಕೆ ಹೋದೆ. ಆ ಮನೆಗೆ ನಾನೂ ದುಡ್ಡು ಹಾಕಿದ್ದೇನೆ. ಕಾಂಕ್ರೀಟು, ಇಟ್ಟಿಗೆ ಕೆಲಸ ಎಲ್ಲ ಕಲ್ಲು ಪುಡಿಮಾಡಿ ತಯಾರಿಸುವ ಎಂ-ಸ್ಯಾಂಡಿನಲ್ಲೇ ಆಗಿತ್ತು, ಖುಷಿಯಾಯಿತು. ಮನೆ ಮುಂದೆ ಟಾರ್ಪಾಲಿನ ಕೆಳಗೆ ಒಂದು ಸಣ್ಣ ಗುಡ್ಡೆ ಬೇರೆ ಇತ್ತು. ಕೈಯಲ್ಲಿ ಹಿಡಿದೆ. ನುಣುಪು, ತಂಪು, ನಡುವೆ ಒಂದು ಪುಟ್ಟ ಕಪ್ಪೆಚಿಪ್ಪು.

"ಒಳಗಡೆ ಪ್ಲಾಸ್ಟರಿಂಗಿಗೆ ಮಾತ್ರ ಹೊಳೆ ಮರಳೇ ಆಗ್ಬೇಕು ಅಂತ ಮೇಸ್ತ್ರಿ ಕಣಣ್ಣ. ಒಂದೇ ಲೋಡು" ಅಂದ ತಮ್ಮ.

ಎಲ್ಲಿಂದ ತಂದರು ಅಂತ ನಾನು ಕೇಳಲಿಲ್ಲ. ಎಷ್ಟಾಯಿತು ಅಂತ ಕೇಳಿ, ಫೋನ್ ತೆಗೆದು ನನ್ನ ಪಾಲು ಕಳಿಸಿದೆ.